ಡಾಕ್ಟರಮ್ಮನ ಎರಡು ದನಿ

ಜೂನ್ 4

ಡಾಕ್ಟರಮ್ಮನಿಗೆ ದನಿ ಕೊಡುವ ತಾಯಿಗೆ ನಮಸ್ಕಾರ.

ನಿಮ್ಮ ವಿಳಾಸ ಗೊತ್ತಿಲ್ಲದೆ ಈ ಪತ್ರಾನ ಟಿವಿ ಆಫೀಸಿಗೇ ಹಾಕ್ತಿದ್ದೀನಿ. ತಲುಪಿದ್ರೆ ನನ್ನ ಪುಣ್ಯ, ತಲುಪದಿದ್ರೆ ಅವರ ಕರ್ಮ.

ನಾನು ಟೈಲರು. ಹೆಂಗಸರ ಬಟ್ಟೆ ಹೊಲಿಯೋ ಸಣ್ಣ ಅಂಗಡಿ ಇದೆ. ಬೆಳಕು ಬೀಳಲಿ ಅಂತ ಮಿಷನ್ನನ್ನ ಕಿಟಕಿ ಕಡೆ ಹಾಕಿಕೊಂಡಿದ್ದೀನಿ, ಟಿವಿ ನನ್ನ ಬೆನ್ನ ಹಿಂದೆ. ಅದಕ್ಕೇ 'ಹಿಂದಿನ ಬಾಗಿಲು' ಧಾರಾವಾಹಿನ ನಾನು ನೋಡೋದಿಲ್ಲ, ಕೇಳ್ತೀನಿ. ನೋಡೋರು ಬೇರೆ ಇದ್ದಾರೆ. ಶನಿವಾರ ಸಂಜೆ ಆಯ್ತು ಅಂದ್ರೆ ಪಕ್ಕದ ಔಷಧಿ ಅಂಗಡಿಯವರು ಶಟರ್ ಅರ್ಧ ಇಳಿಸಿ ಬರ್ತಾರೆ, ನಮ್ಮತ್ತೆ ಕುರ್ಚಿ ಎಳಕೊಂಡು ಮುಂದೆ ಕೂರ್ತಾರೆ, ಬಟ್ಟೆ ಒಯ್ಯೋಕೆ ಬಂದೋರು ಬಟ್ಟೆ ಮರೆತು ಅಲ್ಲೇ ಕೂರ್ತಾರೆ.

ಮೊದಲು ನನ್ನ ಸಿಟ್ಟು ಹೇಳಿಬಿಡ್ತೀನಿ. ಈ ಧಾರಾವಾಹಿ ಬರೆದೋರು ಕೈಗೆ ಸಿಕ್ಕಿದ್ರೆ ಬಾಯಿಗೆ ಕಾಜಾ ತೆಗೆದು ಗುಂಡಿ ಹಾಕಿಬಿಡ್ತೀನಿ. ಒಂದು ಆಸ್ಪತ್ರೆ, ಅದರ ಹಿಂದಿನ ಬಾಗಿಲು ದಾಟಿದ್ರೆ ಮೂವತ್ತು ವರ್ಷ ಹಿಂದಕ್ಕೆ ಹೋಗಿ ಬೀಳ್ತಾರೆ. ಸರಿ, ಒಪ್ಪಿದ್ವಿ. ಮೊದಲನೇ ಕಂತಲ್ಲೇ ಕಾಂಪೌಂಡರ್ ಕೊಲೆಯಾದ. ಅದನ್ನೂ ಒಪ್ಪಿದ್ವಿ. ಐದನೇ ಕಂತಲ್ಲಿ ಅದೇ ಕಾಂಪೌಂಡರ್ ಕಾಲು ಮೇಲೆ ಕಾಲು ಹಾಕ್ಕೊಂಡು ಚಹಾ ಕುಡೀತಿದ್ದ! ನಮ್ಮತ್ತೆ, "ನಾನು ಅವತ್ತೇ ಹೇಳ್ಲಿಲ್ವಾ, ಅವನು ಸತ್ತಿಲ್ಲ" ಅಂದ್ರು. ಔಷಧಿ ಅಂಗಡಿಯವರು, "ಅಮ್ಮಾ, ಅದು ಮೂವತ್ತು ವರ್ಷದ ಹಿಂದಿನ ಚಹಾ" ಅಂದ್ರು. ಅವತ್ತಿಂದ ಇಬ್ಬರಿಗೂ ಮಾತಿಗೆ ಮಾತು. ಔಷಧಿ ಅಂಗಡಿಯವರು ಒಂದು ದೊಡ್ಡ ಹಾಳೇಲಿ ಯಾರು ಯಾವಾಗ ಸತ್ತರು, ಯಾವಾಗ ಎದ್ದರು ಅಂತ ನಕ್ಷೆ ಬರೆದು ನನ್ನ ಗೋಡೆಗೇ ಅಂಟಿಸಿದ್ದಾರೆ.

ಈಗ ವಿಷಯಕ್ಕೆ ಬರ್ತೀನಿ. ಒಂಬತ್ತನೇ ಕಂತಲ್ಲಿ ಡಾಕ್ಟರಮ್ಮ ತನ್ನ ಕೈಯಾರೆ ಬೀಗದಕೈ ಬಚ್ಚಿಟ್ಟಳು. ಹನ್ನೊಂದನೇ ಕಂತಲ್ಲಿ "ಬೀಗದಕೈ ಎಲ್ಲಿ?" ಅಂತ ಎಲ್ಲರನ್ನೂ ಕೇಳ್ತಾಳೆ. ಎಲ್ಲರೂ ತಲೆ ಕೆರಕೊಂಡ್ರು. ನಾನು ಮಿಷನ್ ನಿಲ್ಲಿಸಿ ಹೇಳಿದೆ: "ಇವಳು ಆ ಡಾಕ್ಟರಮ್ಮ ಅಲ್ಲ. ದನಿ ಬೇರೆ. ಮೂವತ್ತು ವರ್ಷ ಹಿಂದಿನ ಕಾಲದಿಂದ ಇವಳ ಹಾಗೇ ಇರೋ ಇನ್ನೊಬ್ಬಳು ಬಾಗಿಲು ದಾಟಿ ಬಂದು ಇವಳ ಜಾಗದಲ್ಲಿ ಕೂತಿದ್ದಾಳೆ." ನೋಡೋರು ಮುಖ ಅದೇ ಅಂತ ಮೋಸ ಹೋಗಿದ್ರು. ಮುಖ ನೋಡದವಳು ನಾನೊಬ್ಬಳೇ ತಾನೇ!

ಎಂಥಾ ಚಂದ ದನಿ ಬದಲಾಯಿಸಿದ್ದೀರಿ ತಾಯಿ! ನಾನು ಹೇಳಿದ್ದು ಹೌದೋ ಅಲ್ವೋ, ಅಷ್ಟು ಬರೀರಿ ಸಾಕು. ಕೆಳಗೆ ನನ್ನ ಫೋನ್ ನಂಬರೂ ಇದೆ.

ಇಂತಿ,
ಟೈಲರಮ್ಮ


ಜೂನ್ 19

ಟೈಲರಮ್ಮನವರಿಗೆ,

ಟಿವಿ ಆಫೀಸಿನಿಂದ ನನ್ನ ಸಾಮಾನು ಮನೆಗೆ ಬಂತು. ಒಂದು ಶಾಲು, ಒಂದು ಫ್ಲಾಸ್ಕು, ಅವುಗಳ ನಡುವೆ ನಿಮ್ಮ ಪತ್ರ.

ಹನ್ನೊಂದನೇ ಕಂತಿನ ದನಿ ನನ್ನದಲ್ಲ. ನನ್ನನ್ನು ತೆಗೆದರು, ಬೇರೆಯವಳನ್ನು ಕೂರಿಸಿದರು. ಇದರಲ್ಲಿ ರಹಸ್ಯವಿಲ್ಲ. ಬೀಗದಕೈ ಎಲ್ಲಿದೆಯೆಂದು ನನಗೂ ತಿಳಿಯದು. ಧಾರಾವಾಹಿ ಬೇರೆ ದೇಶದ್ದು. ನಮ್ಮ ಭಾಷೆಯ ಮಾತು ಹಾಕುವ ನಮಗೆ ಆಯಾ ದಿನದ ಹಾಳೆ ಮಾತ್ರ ಕೊಡುತ್ತಾರೆ.

ಫೋನ್ ಮಾಡುವುದಿಲ್ಲ, ಕ್ಷಮಿಸಿ. ಸದ್ಯ ಯಾರಿಗೂ ನನ್ನ ದನಿ ಕೇಳಿಸುವ ಮನಸ್ಸಿಲ್ಲ.


ಜೂನ್ 25

ತಾಯಿ, ನಿಮ್ಮ ಬುದ್ಧಿಗೆ ಕೈ ಮುಗಿದೆ!

"ನನ್ನನ್ನು ತೆಗೆದರು, ಬೇರೆಯವಳನ್ನು ಕೂರಿಸಿದರು." ಅಯ್ಯೋ, ಡಾಕ್ಟರಮ್ಮ ತಾನೇ ಕಾಗದ ಬರೆದಿದ್ರೆ ಇದನ್ನೇ ಬರೀತಿದ್ದಳು! ಬಾಯಿ ಬಿಡಬಾರದು ಅಂತ ಟಿವಿಯವರು ಬರೆಸಿಕೊಂಡಿರ್ತಾರೆ, ನನಗೆ ಅರ್ಥವಾಗುತ್ತೆ. ನೀವು "ಹೌದು" ಅನ್ನದೇನೇ ಹೌದು ಅಂದುಬಿಟ್ರಿ. ಶನಿವಾರ ನಿಮ್ಮ ಪತ್ರಾನ ಗಟ್ಟಿಯಾಗಿ ಓದಿದೆ. ಔಷಧಿ ಅಂಗಡಿಯವರು ಎದ್ದು ನಿಂತು, "ಟೈಲರಮ್ಮ, ನಾನು ಸೋತೆ" ಅಂತ ನಕ್ಷೇಲಿ ಡಾಕ್ಟರಮ್ಮನ್ನ ಎರಡು ಮಾಡಿದ್ರು. ಒಬ್ಬಳು ಕೆಂಪು ಶಾಯಿ, ಒಬ್ಬಳು ನೀಲಿ.

ಫ್ಲಾಸ್ಕು ಅಂದ್ರಲ್ಲ, ಅದೇನಾದ್ರೂ ಸುಳಿವಾ?


ಜುಲೈ 3

ಟೈಲರಮ್ಮನವರೇ,

ಫ್ಲಾಸ್ಕು ಸುಳಿವಲ್ಲ. ಅದರಲ್ಲಿ ಬಿಸಿನೀರು ತೆಗೆದುಕೊಂಡು ಹೋಗುತ್ತಿದ್ದೆ, ಗಂಟಲಿಗೆ. ಇನ್ನು ಮೇಲೆ ನಾನು ಬರೆಯುವುದನ್ನು ಬರೆದ ಹಾಗೇ ಓದಿ. ಕಿವಿ ಚುರುಕಾಗಿದ್ದರೆ ಸಾಲದು, ಹೇಳಿದ್ದು ಒಳಗೂ ಇಳಿಯಬೇಕು.

ಹತ್ತೊಂಬತ್ತು ವರ್ಷ ಆ ಕೋಣೆಯಲ್ಲಿ ಕೂತಿದ್ದೇನೆ. ಗಾಳಿ ಬಾರದ ಕೋಣೆ, ಗೋಡೆಗೆಲ್ಲ ದಪ್ಪ ಮೆತ್ತೆ, ಎದುರಿಗೆ ಒಂದು ಪರದೆ, ಒಂದು ಮೈಕು. ಪರದೆಯ ಮೇಲಿನವಳ ತುಟಿ ಮುಚ್ಚುವುದರೊಳಗೆ ನನ್ನ ಮಾತು ಮುಗಿಯಬೇಕು. ಅತ್ತಿದ್ದೇನೆ, ಸತ್ತಿದ್ದೇನೆ, ಹೆತ್ತಿದ್ದೇನೆ, ಎಲ್ಲವೂ ಅದೇ ಕುರ್ಚಿಯಲ್ಲಿ. ಮೇ ತಿಂಗಳಲ್ಲಿ ನೆಗಡಿಯಾಗಿ ಗಂಟಲು ಕಟ್ಟಿತು. ಒಂದು ವಾರ ರಜೆ ಕೇಳಿದೆ. ಮ್ಯಾನೇಜರ್, "ಧಾರಾಳವಾಗಿ ಹೋಗಿ ಮೇಡಂ, ಆರೋಗ್ಯ ಮುಖ್ಯ" ಎಂದ. ವಾರ ಕಳೆದು ಹೋದೆ. ಬಾಗಿಲಲ್ಲೇ ತಡೆದು ಹೇಳಿದ: "ಹೊಸ ದನಿ ಫ್ರೆಶ್ ಆಗಿದೆ ಮೇಡಂ. ನಿಮ್ಮ ದನಿಗೆ ವಯಸ್ಸಾಯಿತು."

ಪರದೆಯ ಮೇಲಿರುವ ಆ ಡಾಕ್ಟರಮ್ಮನಿಗೆ ಅರವತ್ತು ವರ್ಷ! ಅಜ್ಜಿಗೆ ದನಿ ಕೊಡುವವಳ ದನಿಗೆ ವಯಸ್ಸಾಗಬಾರದೇ? ಅವನ ಮುಖಕ್ಕೇ ಕೇಳಿದೆ. "ಎಲ್ಲ ಮೇಲಿನವರ ತೀರ್ಮಾನ" ಎಂದ. ಮೇಲೆ ಇರುವುದು ನೀರಿನ ಟ್ಯಾಂಕು ಮಾತ್ರ.

ನೀವು ಕಂಡುಹಿಡಿದ ರಹಸ್ಯ ಇಷ್ಟೇ. ಇದನ್ನು ನಿಮ್ಮ ಕೂಟದಲ್ಲಿ ಓದಿ, ಗಟ್ಟಿಯಾಗಿಯೇ ಓದಿ.


ಜುಲೈ 10

ಅಕ್ಕಾ,

ಹಾಗೆ ಕರೀಬಹುದಾ? ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ನಿಮ್ಮ ಸಂಕಟದ ಬೆಂಕೀಲಿ ನಾನು ಚಳಿ ಕಾಯಿಸಿಕೊಂಡ ಹಾಗಾಯ್ತು.

ನಿಮ್ಮ ಪತ್ರ ಓದಿದ ಮೇಲೆ ಒಂದು ಫ್ರಾಕಿಗೆ ಎರಡು ಎಡಗೈ ತೋಳು ಹಚ್ಚಿದೆ, ಅಷ್ಟು ಸಿಟ್ಟು ಬಂದಿತ್ತು. ನೆಗಡಿ ಆಗೋದು ಅಪರಾಧನಾ? ಆ ಮ್ಯಾನೇಜರಿಗೆ ಯಾವತ್ತೂ ಮೂಗು ಸೋರಿಲ್ವಾ? ಅವನಿಗೆ ನಾನು ಪ್ಯಾಂಟು ಹೊಲಿದುಕೊಡ್ಬೇಕು ಅಕ್ಕ, ಕೂತ ಕೂಡ್ಲೇ ಬಿಚ್ಚಿಕೊಳ್ಳೋ ಹಾಗೆ.

ಆ ಹೊಸ ಹುಡುಗಿ ದನಿನಾದ್ರೂ ಏನು ದನಿ! ಸ್ಟೀಲ್ ಲೋಟಕ್ಕೆ ಚಮಚ ಬಡಿದ ಹಾಗೆ. ನಾಚಿಕೆ ಇರಬೇಕು. ಬೇರೆಯವರ ಕುರ್ಚಿ ಬಿಸಿ ಆರೋ ಮುಂಚೆ ಹೋಗಿ ಕೂರೋದಕ್ಕೆ ಎಂಥಾ ಮನಸ್ಸು ಇರಬೇಕು ಅವಳಿಗೆ! ಮನೇಲಿ ದೊಡ್ಡೋರು ಬುದ್ಧಿ ಹೇಳಿಲ್ಲ ಅಂತ ಕಾಣುತ್ತೆ.

ಈ ಶನಿವಾರ ನಮ್ಮ ಕೂಟಕ್ಕೆ ಎಲ್ಲಾ ಹೇಳ್ತೀನಿ.


ಜುಲೈ 18

ತಂಗೀ,

ಪ್ಯಾಂಟಿನ ವಿಷಯ ಓದಿ ಎರಡು ತಿಂಗಳ ಮೇಲೆ ನಕ್ಕೆ.

ಆದರೆ ಆ ಹುಡುಗಿಯ ಬಗ್ಗೆ ಬರೆದಿದ್ದು ಸರಿಯಲ್ಲ. ಅವಳ ದನಿ ಲೋಟವೂ ಅಲ್ಲ, ಚಮಚವೂ ಅಲ್ಲ. ಇನ್ನೂ ಪಕ್ವವಾಗಿಲ್ಲ, ಅಷ್ಟೇ. ಹದಿಮೂರನೇ ಕಂತಿನಲ್ಲಿ ಡಾಕ್ಟರಮ್ಮ ಮೆಟ್ಟಿಲು ಹತ್ತುತ್ತಾ ಮಾತಾಡುವ ಜಾಗವಿದೆಯಲ್ಲ, ಅಲ್ಲಿ ಏದುಸಿರನ್ನು ಮಾತಿನೊಳಗೆ ಹೆಣೆದಳು. ಹತ್ತು ವರ್ಷ ಮಾಡಿದವರಿಗೂ ಅದು ಬರುವುದಿಲ್ಲ. ಅವಳಿಗೆ ಬುದ್ಧಿ ಹೇಳುವವರು ಇರಲಿಲ್ಲ ಎಂದು ನೀವು ಹೇಗೆ ಹೇಳಿದಿರಿ? ನಿಮಗೇನು ಗೊತ್ತು?

ಅವಳ ಮಾತು ಬಿಡಿ. ನಿಮ್ಮ ಕೂಟದವರು ಏನೆಂದರು? ಅದನ್ನು ಬರೆಯಿರಿ.


ಜುಲೈ 27

ಅಕ್ಕಾ,

ಈ ವಾರ ಕೆಲಸ ಕತ್ತಿನ ತನಕ. ಶಾಲೆ ಯೂನಿಫಾರ್ಮ್ ಬಂದಿವೆ, ಬರೀ ಕಾಜಾ ಕಾಜಾ. ಹದಿನೆಂಟನೇ ಕಂತು ನೋಡಿದ್ರಾ? ಕಾಂಪೌಂಡರ್ ಈಗ ತನ್ನ ಕೊಲೆ ಬಗ್ಗೆ ತಾನೇ ಪೊಲೀಸಿಗೆ ದೂರು ಕೊಟ್ಟಿದ್ದಾನೆ. ನಮ್ಮತ್ತೆ, "ಬದುಕಿರೋನಿಗೆ ತಾನೇ ದೂರು ಕೊಡೋಕಾಗೋದು" ಅಂತ ಮೆರೀತಿದ್ದಾರೆ. ಔಷಧಿ ಅಂಗಡಿಯವರು ಎರಡನೇ ಹಾಳೆ ಅಂಟಿಸಿದ್ದಾರೆ.

ನಮ್ಮ ಕೂಟದ ವಿಷಯ ಹೇಗೋ ಹೊರಗೆ ಗೊತ್ತಾಗಿ ಪೇಪರಿನವರೊಬ್ಬರು ಬಂದಿದ್ರು. ಮಿಷನ್ ಜೊತೆ ನನ್ನ ಫೋಟೋ ತಗೊಂಡ್ರು. ಅದೇನು ದೊಡ್ಡದಲ್ಲ ಬಿಡಿ.

ನೀವು ಕೇಳಿದ್ದಕ್ಕೆ ಆಮೇಲೆ ಬಿಡುವಾಗಿ ಬರೀತೀನಿ. ಗಂಟಲು ಜೋಪಾನ.


ಆಗಸ್ಟ್ 9

ಟೈಲರಮ್ಮನವರಿಗೆ,

ಬಿಡುವಾಗಿ ಬರೆಯುವ ಕಷ್ಟ ಬೇಡ. ಪೇಪರಿನಲ್ಲಿ ಓದಿದೆ. "ಕಿವಿಯಿಂದಲೇ ರಹಸ್ಯ ಭೇದಿಸಿದ ಟೈಲರಮ್ಮ." ಫೋಟೋ ಚೆನ್ನಾಗಿ ಬಂದಿದೆ. "ದನಿ ಬದಲಾದದ್ದು ಬೇಕೆಂದೇ ಇಟ್ಟ ಸುಳಿವು, ಇದು ಟಿವಿಯವರ ಜಾಣತನ" ಎಂದು ನೀವೇ ಹೇಳಿದ್ದೀರಿ. ಅದು ಅಚ್ಚಾಗುವ ಹೊತ್ತಿಗೆ ನನ್ನ ಮೂರು ಪತ್ರ ನಿಮ್ಮ ಕೈಯಲ್ಲಿದ್ದವು.

ಮುಂದಿನದು ಕೇಳಿ. ಈಗ ದಿನಕ್ಕೆ ಇಪ್ಪತ್ತು ಸಲ ಜಾಹೀರಾತು ಬರುತ್ತಿದೆ: "ಡಾಕ್ಟರಮ್ಮನ ದನಿ ಯಾಕೆ ಬದಲಾಯಿತು? ನೀವು ಗಮನಿಸಿದಿರಾ?" ಬೀದಿಗೆ ಎಸೆದಿದ್ದನ್ನೇ ಹೆಕ್ಕಿ ಕಿರೀಟದಲ್ಲಿ ಸಿಕ್ಕಿಸಿಕೊಂಡಿದ್ದಾರೆ. ನನಗೆ ಅನ್ಯಾಯವಾಗಿದೆ ಎನ್ನುವ ಹಾಗೂ ಇಲ್ಲ ಈಗ. ತರಕಾರಿ ಅಂಗಡಿಯವನೂ, "ಅದು ಪ್ಲಾನ್ ಅಂತೆ ಅಲ್ವಾ ಅಮ್ಮಾ" ಎನ್ನುತ್ತಾನೆ. ಮ್ಯಾನೇಜರ್ ತೆಗೆದದ್ದು ಕೆಲಸ ಮಾತ್ರ. ನೀವು ನನ್ನ ಸಿಟ್ಟನ್ನೇ ಸುಳ್ಳು ಮಾಡಿಬಿಟ್ಟಿರಿ.

ಇನ್ನೊಂದು ವಿಷಯ. ನೀವು ಬಾಯಿಗೆ ಬಂದಂತೆ ಬೈದ ಆ ಹುಡುಗಿ ನನ್ನ ತಂಗಿಯ ಮಗಳು. ನನ್ನ ಮನೆಯಲ್ಲೇ ಇದ್ದಾಳೆ. ಶಾಲೆಯಿಂದ ಬಂದು ಚೀಲ ಎಸೆದು ನನ್ನ ಮುಂದೆ ಕೂತು ಉಸಿರು ಹಿಡಿಯುವುದನ್ನು ಕಲಿತವಳು. ಕುರ್ಚಿ ಹೋಯಿತು ಎನ್ನುವುದಕ್ಕಿಂತ ಅದರಲ್ಲಿ ಕೂತವಳು ಇವಳು ಎನ್ನುವುದು ನನ್ನನ್ನು ತಿನ್ನುತ್ತಿದೆ. ಮೇ ತಿಂಗಳಿಂದ ನಾವಿಬ್ಬರೂ ಮಾತಾಡಿಲ್ಲ. ಅವಳು ಅನ್ನ ಬಡಿಸಿ ಒಳಗೆ ಹೋಗುತ್ತಾಳೆ, ನಾನು ಉಂಡು ತಟ್ಟೆ ತೊಳೆಯುತ್ತೇನೆ. ಇಡೀ ದಿನ ಮಾತಾಡಿ ಬದುಕುವ ಇಬ್ಬರಿರುವ ಮನೆಯಲ್ಲಿ ನಲ್ಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳಿದೆ. ಇದನ್ನೂ ಸುಳಿವು ಎಂದು ಪೇಪರಿಗೆ ಕೊಡಿ.

ಇನ್ನು ಬರೆಯಬೇಡಿ.


ಆಗಸ್ಟ್ 14

ಅಕ್ಕಾ,

ಬೇಡ ಅಂದ್ರೂ ಬರೀತಿದ್ದೀನಿ. ಓದದೇ ಹರಿದು ಹಾಕಿದ್ರೂ ಸರಿ.

ಆ ಶನಿವಾರ ಹೇಳ್ಬೇಕು ಅಂತಲೇ ನಿಮ್ಮ ಪತ್ರ ಮಡಿಚಿ ಅಳತೆ ಟೇಪಿನ ಡಬ್ಬೀಲಿ ಇಟ್ಟುಕೊಂಡಿದ್ದೆ. ಎಲ್ಲರೂ ಬಂದ್ರು. ಔಷಧಿ ಅಂಗಡಿಯವರು, "ಮೊದಲು ಟೈಲರಮ್ಮ ಹೇಳ್ಲಿ, ಆಮೇಲೆ ನಾವು" ಅಂದ್ರು. ನಮ್ಮತ್ತೆ, ನಾನು ಮಾಡಿದ ಚಹಾಕ್ಕೂ ಹೆಸರಿಡೋ ನಮ್ಮತ್ತೆ, "ನಮ್ಮ ಸೊಸೆ ಕಿವಿ ಅಂದ್ರೆ ಕಿವಿ" ಅಂತ ಪಕ್ಕದವರಿಗೆ ಹೇಳಿದ್ರು. ಈ ಅಂಗಡಿ ತೆರೆದಾಗಿಂದ ಜನ ನನ್ನ ಬೆನ್ನ ಮೇಲಿಂದಲೇ ಮಾತಾಡಿಕೊಂಡು ಹೋಗಿದ್ದಾರೆ ಅಕ್ಕ. ಅವತ್ತು ನನ್ನ ಮಾತಿಗೆ ಕಾದರು. ಡಬ್ಬಿ ತೆಗೆಯೋಕೆ ಕೈ ಬರಲಿಲ್ಲ. ಮುಂದಿನ ವಾರ ಅಂದುಕೊಂಡೆ. ಮುಂದಿನ ವಾರ ಪೇಪರಿನವರು ಬಂದ್ರು. ಅವರ ಮುಂದೆ ನಾಲಿಗೆ ಇನ್ನೂ ಉದ್ದ ಆಯ್ತು.

ಆಸೆಬುರುಕಿ ನಾನು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ಟಿವಿಯವರು ಅಭಿಮಾನಿಗಳ ಕಾರ್ಯಕ್ರಮಕ್ಕೆ ನನ್ನ ಕರೆದಿದ್ದಾರೆ. ಹೋಗ್ತೀನಿ. ಅವರ ಮನೇಲೇ ಕೂತು, ಅವರ ಕ್ಯಾಮೆರಾದ ಮುಂದೇನೇ ನಿಜ ಹೇಳ್ತೀನಿ. ನೀವೇ ಟಿವಿಯಲ್ಲಿ ನೋಡಿ. ಅಲ್ಲೀತನಕ ಬರೆಯಲ್ಲ.


ಆಗಸ್ಟ್ 31

ನೋಡಿದೆ.

ಹೊಸ ಉಡುಪು ಹಾಕಿಕೊಂಡು, ನಗುನಗುತ್ತಾ, "ಹೌದು, ನಾನೇ ಮೊದಲು ಕೇಳಿಸಿಕೊಂಡಿದ್ದು" ಎಂದಿರಿ. ಚಪ್ಪಾಳೆ ಬಿತ್ತು. ಅಷ್ಟೇ.

ಅವರಾದರೂ ಸಂಬಳಕ್ಕೆ ಸುಳ್ಳು ಹೇಳುತ್ತಾರೆ. ನೀವು ಬಿಟ್ಟಿಯಾಗಿ ಹೇಳಿದಿರಿ.


ಆಗಸ್ಟ್ 31

ಅಕ್ಕಾ,

ಮೋಸ! ಹಾಡುಹಗಲೇ ಮೋಸ! ನಿನ್ನೆ ಬಂದದ್ದನ್ನ ನೀವೂ ನೋಡಿರ್ತೀರಿ. ನಾನು ಹೇಳಿದ್ದರಲ್ಲಿ ಬಾಲ, ಕಾಲು, ಹೊಟ್ಟೆ ಎಲ್ಲಾ ಕತ್ತರಿಸಿ ಬರೀ ಮೂಗು ತೋರಿಸಿದ್ದಾರೆ. ನನ್ನ ಕತ್ತರೀಲಿ ಕೂಡ ಅಷ್ಟು ನೀಟಾಗಿ ಕತ್ತರಿಸೋಕಾಗಲ್ಲ. ಅಲ್ಲಿ ನಡೆದದ್ದು ಇದು, ನಮ್ಮತ್ತೆ ಮೇಲಾಣೆ.

ಸಾಲಾಗಿ ಕುರ್ಚಿ ಹಾಕಿದ್ರು. ನನ್ನ ಪಕ್ಕದಲ್ಲಿ ಟಿವಿಯವರೇ ಕರೆತಂದ ಒಬ್ಬ ತೆಳ್ಳಗಿನ ಹುಡುಗಿ, ಕೈ ಬೆರಳು ಹಿಸುಕಿಕೊಂಡು ಕೂತಿದ್ದಳು. ನಿರೂಪಕ ಕೇಳಿದ: "ಹೇಳಿ ಅಮ್ಮಾ, ದನಿ ಬದಲಾಗಿದ್ದನ್ನ ಮೊದಲು ಹಿಡಿದೋರು ನೀವೇ ಅಲ್ವಾ?"

"ಹೌದು, ನಾನೇ ಮೊದಲು ಕೇಳಿಸಿಕೊಂಡಿದ್ದು" ಅಂದೆ. ಚಪ್ಪಾಳೆ. ನಾನು ನಕ್ಕಿದ್ದೂ ನಿಜ, ಹೆದರಿಕೆಗೆ. ಆಮೇಲೆ ಹೇಳಿದೆ: "ಆದ್ರೆ ಅದು ಬಾಗಿಲೂ ಅಲ್ಲ, ಕಾಲವೂ ಅಲ್ಲ. ಹತ್ತೊಂಬತ್ತು ವರ್ಷ ಇವರಿಗೆ ದುಡಿದ ಹೆಂಗಸು ನೆಗಡಿ ಅಂತ ವಾರ ರಜೆ ಕೇಳಿದ್ರು. ಇವರು ಅವರನ್ನ ಮನೆಗೆ ಕಳಿಸಿದ್ರು. ಈಗ ಅದನ್ನೇ ಸುಳಿವು ಅಂತ ಮಾರ್ತಿದ್ದಾರೆ."

ಆ ನಿರೂಪಕ ಹಲ್ಲು ಬಿಟ್ಟು, "ಆಹಾ, ಟೈಲರಮ್ಮ ನಮಗೇ ಹೊಸ ಕಥೆ ಹೊಲೀತಿದ್ದಾರೆ!" ಅಂದ. ಎಲ್ಲರೂ ನಕ್ಕರು.

ನನಗೆ ನೆತ್ತಿಗೇರಿತು. "ನಾನು ಬಟ್ಟೆ ಹೊಲೀತೀನಪ್ಪಾ, ಕಥೆ ಅಲ್ಲ. ನಿಮ್ಮ ಕಥೆ ಹರಿದಿತ್ತು, ತೇಪೆ ಹಾಕಿದ್ದು ನಾನೇ. ಆ ತೇಪೆ ಕಿತ್ತು ಹಾಕೋಕೆ ಬಂದಿದ್ದೀನಿ" ಅಂದೆ. "ಕಟ್, ಕಟ್" ಅಂತ ಯಾರೋ ಕೂಗಿದ್ರು. ಒಬ್ಬ ಬಂದು ನನ್ನ ಎದೆ ಮೇಲಿನ ಮೈಕು ಬಿಚ್ಚೋಕೆ ಕೈ ಹಾಕಿದ. ಅಷ್ಟರಲ್ಲಿ ಪಕ್ಕದ ಹುಡುಗಿ ಎದ್ದು ನಿಂತಳು. "ಅವರು ಹೇಳ್ತಿರೋದು ನಿಜ. ಆ ಹೆಂಗಸು ನಮ್ಮ ದೊಡ್ಡಮ್ಮ. ಈಗಿನ ದನಿ ನಂದು" ಅಂದಳು. ಅಕ್ಕ, ಅವಳು ಬಾಯಿ ಬಿಟ್ಟ ಕೂಡಲೇ ಗುರುತು ಸಿಕ್ತು. ಹಿಂದೇನೇ ದೀಪ ಆರಿಸಿಬಿಟ್ರು. ಕತ್ತಲಲ್ಲಿ ಅವಳ ಕೈ ನನ್ನ ಕೈಗೆ ಸಿಕ್ತು. ನಾನು ಆಡಿದ ಮಾತೆಲ್ಲ ನೆನಪಾಗಿ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಊರಿಗೆ ಬಂದು ಕೂಟಕ್ಕೂ ಎಲ್ಲಾ ಹೇಳಿದೆ, ನಿಮ್ಮ ಪತ್ರ ತೋರಿಸಿದೆ. ನಂಬಲ್ಲ ಅಕ್ಕ! ಔಷಧಿ ಅಂಗಡಿಯವರು ದನಿ ತಗ್ಗಿಸಿ, "ಬಾಯಿ ಬಿಡಬಾರದು ಅಂತ ಟಿವಿಯವರು ನಿಮ್ಮಿಂದಲೂ ಬರೆಸಿಕೊಂಡ್ರಾ?" ಅಂತ ಕೇಳ್ತಾರೆ. ಬೀದೀಲಿ ಕೈ ಮುಗೀತಾರೆ. ಉಗಿದಿದ್ರೆ ಇದಕ್ಕಿಂತ ವಾಸಿ ಇತ್ತು.


ಸೆಪ್ಟೆಂಬರ್ 8

ತಂಗೀ,

ನನ್ನ ಪತ್ರವೂ ನಿಮ್ಮದೂ ದಾರಿಯಲ್ಲಿ ಎದುರುಬದುರಾಗಿರಬೇಕು. ಅದನ್ನು ಒಲೆಗೆ ಹಾಕಿ.

ನಿಮ್ಮ ಪತ್ರ ಓದಿ ಅಡುಗೆಮನೆಗೆ ಹೋದೆ. ಅವಳು ಬೆನ್ನು ಹಾಕಿ ಪಾತ್ರೆ ಒರೆಸುತ್ತಿದ್ದಳು. "ಅಲ್ಲಿ ಎದ್ದು ನಿಂತೆಯಂತೆ" ಎಂದೆ. ನಾಲ್ಕು ತಿಂಗಳಲ್ಲಿ ಆಡಿದ ಮೊದಲ ಮಾತು. ಅವಳ ಕೈಯಿಂದ ಪಾತ್ರೆ ಜಾರಿತು.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ದೊಡ್ಡಮ್ಮಾ."

"ಕುರ್ಚಿಯಲ್ಲಿ ಯಾಕೆ ಕೂತೆ?"

"ಅದನ್ನೂ ನೀವು ಕೇಳಲಿಲ್ಲ. ಒಂದು ವಾರಕ್ಕೆ ಅಂದರು. ನೀನು ಕೂರದಿದ್ದರೆ ಹೊರಗಿನವರನ್ನು ತರುತ್ತೇವೆ, ಆಮೇಲೆ ನಿಮ್ಮ ದೊಡ್ಡಮ್ಮನಿಗೆ ಜಾಗ ಸಿಗಲ್ಲ ಅಂದರು. ನಿಮ್ಮ ಜಾಗ ಕಾಯ್ತಿದ್ದೀನಿ ಅಂದುಕೊಂಡಿದ್ದೆ. ವಾರ ಆದಮೇಲೆ ಏಳ್ತೀನಿ ಅಂದೆ, ಆ ಮ್ಯಾನೇಜರು ನಕ್ಕ."

"ಬಿಟ್ಟು ಬರಬಾರದಿತ್ತೇ?"

ಅವಳು ಬಿದ್ದ ಪಾತ್ರೆ ಎತ್ತಿಟ್ಟಳು. "ಚೆನ್ನಾಗಿ ಬರ್ತಿತ್ತು ದೊಡ್ಡಮ್ಮಾ" ಎಂದಳು. "ಬಿಡೋಕಾಗಲಿಲ್ಲ."

ಇವಳ ಹಾಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ನನಗೂ ಬಿಡಲು ಆಗುತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ಇನ್ನಷ್ಟು ದಿನ ಸಿಟ್ಟಾಗಿರಬಹುದಿತ್ತು. ನಿಜ ಹೇಳಿ ನನ್ನ ಕೈ ಕಟ್ಟಿಹಾಕಿದಳು.

ಮಾರನೆಯ ದಿನ ಮ್ಯಾನೇಜರ್ ಫೋನ್ ಮಾಡಿದ. ಜೇನು ಸುರಿಯುತ್ತಿತ್ತು ಬಾಯಲ್ಲಿ. ಕೊನೆಯ ಕಂತಿಗೆ ನಾನು ಬರಬೇಕಂತೆ, "ಹಳೇ ದನಿ ಮರಳಿ ಬಂತು" ಎಂದು ಜಾಹೀರಾತು ಮಾಡುತ್ತಾರಂತೆ. "ವಯಸ್ಸಾದ ದನಿ ನಿನಗೇಕಪ್ಪಾ?" ಎಂದೆ. "ಅದು ಪ್ಲಾನ್ ಮೇಡಂ" ಎಂದ! ನನಗೇ! ಅವನ ಅಪ್ಪ ಅಜ್ಜ ಎಲ್ಲರನ್ನೂ ನೆನೆದು ನಾಲ್ಕು ಮಾತು ಆಡಿ ಫೋನ್ ಕುಕ್ಕಿದೆ. ಒಳಗಿನಿಂದ ಇವಳು ನಕ್ಕಿದ್ದು ಕೇಳಿಸಿತು. ಅವಳನ್ನು ಅವರು ತೆಗೆಯುವಂತಿಲ್ಲ, ಮೂರನೇ ದನಿ ಬಂದರೆ ಮೂರನೇ ಡಾಕ್ಟರಮ್ಮ ಯಾರೆಂದು ನಿಮ್ಮಂಥವರು ಕೇಳುತ್ತೀರಿ. ತಾನಾಗಿಯೇ ಬಿಡುತ್ತೇನೆ ಎಂದಳು. ಬೇಡ ಎಂದೆ. ಹಿಡಿದ ಕೆಲಸ ಮುಗಿಸಬೇಕು.

ಕೊನೆಯ ಕಂತಿನ ಮಾತಿನ ಹಾಳೆಗಳನ್ನು ಅವಳೇ ತಂದು ನನ್ನ ಮುಂದಿಟ್ಟಳು. ನಿಮ್ಮವರು ಪತ್ರ ನಂಬುವುದಿಲ್ಲ ತಾನೇ? ಕಿವಿ ನಂಬುತ್ತದೆಯೋ ನೋಡೋಣ. ಆ ಶನಿವಾರ ನಿಮ್ಮ ಅಂಗಡಿಯಲ್ಲಿ ನನಗೊಂದು ಕುರ್ಚಿ ಹಾಕಿ. ಡಾಕ್ಟರಮ್ಮ ಬಾಯಿ ತೆರೆದಾಗೆಲ್ಲ ಟಿವಿಯ ಸದ್ದು ಮುಚ್ಚಬೇಕು, ಅವಳ ಮಾತನ್ನು ನಾನು ಆಡುತ್ತೇನೆ.


ಸೆಪ್ಟೆಂಬರ್ 13

ಅಕ್ಕಾ,

ಬನ್ನಿ ಬನ್ನಿ. ಕುರ್ಚಿ ಏನು, ಅಂಗಡಿನೇ ನಿಮ್ಮದು. ಬಸ್ ನಿಲ್ದಾಣಕ್ಕೆ ನಾನೇ ಬರ್ತೀನಿ, ಕೊರಳಲ್ಲಿ ಅಳತೆ ಟೇಪಿರುತ್ತೆ, ಗುರುತು ಸಿಗುತ್ತೆ. ರಿಮೋಟು ಔಷಧಿ ಅಂಗಡಿಯವರ ಕೈಗೆ, ಬೆರಳು ಚುರುಕು. ನಮ್ಮತ್ತೆ ಮಾತ್ರ ಒಂದೇ ಪ್ರಶ್ನೆ ಕೇಳ್ತಿದ್ದಾರೆ: "ಅವರಿಗೆ ಗೊತ್ತಿರುತ್ತಲ್ಲ, ಕಾಂಪೌಂಡರ್ ಸತ್ತಿದ್ದಾನಾ ಇಲ್ವಾ?"


ಸೆಪ್ಟೆಂಬರ್ 24

ತಂಗೀ,

ಮನೆ ಸೇರಿದೆ. ನಿಮ್ಮ ಅತ್ತೆಗೆ ಹೇಳಿ, ಇಡೀ ಕಂತು ಡಾಕ್ಟರಮ್ಮನ ಮಾತು ಆಡಿದ ಮೇಲೂ ಕಾಂಪೌಂಡರ್ ಸತ್ತನೋ ಬದುಕಿದನೋ ನನಗೆ ತಿಳಿಯಲಿಲ್ಲ. ಬರೆದವರಿಗೂ ತಿಳಿದಿರಲಾರದು. ಇಪ್ಪತ್ತಾರು ಕಂತು ಜನರನ್ನು ಕಾಯಿಸಿ ಕೊನೆಗೆ ಹೊಗೆ ಬಿಟ್ಟು ಮುಗಿಸಿದ್ದಕ್ಕೆ ಅವರಿಗೆ ನಾಚಿಕೆಯಾಗಬೇಕು.

ನಾನು ಮೊದಲ ಮಾತು ಆಡಿದಾಗ ಔಷಧಿ ಅಂಗಡಿಯವರು ಟಿವಿ ಬಿಟ್ಟು ನನ್ನನ್ನೇ ನೋಡಿದರು. ಆಮೇಲೆ ಗೋಡೆಯ ನಕ್ಷೆಯತ್ತ ನೋಡಿ ತಲೆ ತಗ್ಗಿಸಿದರು. ಹೊರಡುವಾಗ, "ನಾವು ನಿಮ್ಮನ್ನೇ ಒಂದು ಒಗಟು ಮಾಡಿಬಿಟ್ಟೆವು ಅಮ್ಮಾ" ಎಂದರು. ಆ ಒಂದು ಮಾತಿಗೆ ಬಸ್ಸಿನಲ್ಲಿ ಬಂದದ್ದು ಸಾರ್ಥಕವಾಯಿತು. ಆದರೆ ಅದನ್ನು ಹೇಳಬೇಕಾದವನು ಆ ಮ್ಯಾನೇಜರ್, ಅವರಲ್ಲ.

ಗಲಾಟೆಯಲ್ಲಿ ನಿಮಗೆ ಹೇಳಲಾಗದೆ ಉಳಿದದ್ದು ಒಂದಿದೆ. ಕೊನೆಯಲ್ಲಿ ಡಾಕ್ಟರಮ್ಮ ಬಾಗಿಲ ಬಳಿ ನಿಂತು, "ನಾನು ಹೋದಮೇಲೆ ಇದಕ್ಕೆ ಬೀಗ ಹಾಕಿ, ಯಾರನ್ನೂ ಹಿಂದಕ್ಕೆ ಕಳಿಸಬೇಡಿ" ಎನ್ನುತ್ತಾಳಲ್ಲ, ಅಲ್ಲಿ ಔಷಧಿ ಅಂಗಡಿಯವರು ರಿಮೋಟಿನ ಗುಂಡಿ ಒತ್ತುವುದನ್ನು ಮರೆತರು. ಟಿವಿಯಿಂದ ನಮ್ಮ ಹುಡುಗಿ, ಕುರ್ಚಿಯಿಂದ ನಾನು, ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. "ಬೀಗ ಹಾಕಿ" ಆದಮೇಲೆ ಇಬ್ಬರೂ ಉಸಿರು ತೆಗೆದುಕೊಂಡೆವು. ಒಂದೇ ಜಾಗದಲ್ಲಿ, ಒಂದೇ ಅಳತೆಯ ಉಸಿರು. ಹಾಳೆಯಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ. ನಾನು ಅಲ್ಲಿಗೇ ನಿಲ್ಲಿಸಿದೆ. ಉಳಿದ ಮಾತನ್ನು ಅವಳೇ ಮುಗಿಸಿದಳು. ನೀವು ಮಿಷನ್ ಬಿಟ್ಟು ಗಾಬರಿಯಿಂದ ತಿರುಗಿ ನೋಡಿದಿರಿ, ಮರೆತೆನೇನೋ ಎಂದು. ಮರೆತಿರಲಿಲ್ಲ ತಂಗೀ. ಕೇಳುತ್ತಿದ್ದೆ.

ಮನೆಗೆ ಬಂದಾಗ ಬಾಗಿಲು ತೆಗೆದವಳು, "ಹೇಗಾಯಿತು ದೊಡ್ಡಮ್ಮಾ?" ಎಂದಳು. "ಕೊನೆಯ ಸಾಲು ನಿನ್ನದೇ ಚೆನ್ನಾಗಿತ್ತು" ಎಂದೆ. ಅವಳು ಅಳುತ್ತಾ ನಿಂತಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ, ಅಳು ನೋಡುತ್ತಾ ನಿಲ್ಲುವ ಅಭ್ಯಾಸ ನನಗಿಲ್ಲ.

ಅವಳ ಮೇಲಿನ ಸಿಟ್ಟು ಮುಗಿಯಿತು. ಅವರ ಮೇಲಿನದು ಮುಗಿದಿಲ್ಲ, ಮುಗಿಯಲು ಬಿಡುವುದೂ ಇಲ್ಲ. ನಿನ್ನೆ ಇವಳು ಆ ಕೋಣೆಯಲ್ಲಿ ದನಿ ಕೊಡುವ ಎಲ್ಲರನ್ನೂ ಮನೆಗೆ ಕರೆದುಕೊಂಡು ಬಂದಳು. ಕೂರಲು ಜಾಗ ಸಾಲದೆ ಕೆಲವರು ಅಡುಗೆಮನೆಯಲ್ಲಿ ನಿಂತರು. ಹೆರಿಗೆಗೆ ಹೋಗಿ ಬರುವುದರೊಳಗೆ ಜಾಗ ಕಳೆದುಕೊಂಡವಳಿದ್ದಳು. ಅಪ್ಪ ತೀರಿಕೊಂಡ ದಿನವೂ ಹಾಸ್ಯದ ಪಾತ್ರಕ್ಕೆ ನಕ್ಕು ಬಂದವನಿದ್ದ. ಯಾರೂ ಇದುವರೆಗೆ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಸೋಮವಾರ ಎಲ್ಲರೂ ಸೇರಿ ಮ್ಯಾನೇಜರ್ ಬಳಿ ಹೋಗುತ್ತೇವೆ. ಅಲ್ಲಿಯವರೆಗೆ ಯಾರೂ ಮೈಕಿನ ಮುಂದೆ ಬಾಯಿ ತೆರೆಯುವುದಿಲ್ಲ. ಇವಳೂ ತೆರೆಯುವುದಿಲ್ಲ.

ಎಲ್ಲರ ಪರವಾಗಿ ಯಾರು ಮಾತಾಡಬೇಕು ಎಂಬ ಪ್ರಶ್ನೆ ಬಂತು. ನಾನು ಇವಳ ಕಡೆ ನೋಡಿದೆ, ಇವಳು ನನ್ನ ಕಡೆ ನೋಡಿದಳು.

ಇಬ್ಬರೂ ಮಾತಾಡುತ್ತೇವೆ.

ಇಂತಿ ನಿಮ್ಮ,
ಅಕ್ಕ